ಕಂಪನಿಯನ್ನು ಬೇರೆಯವರು ಕೊಂಡರೆ ನನ್ನ ಷೇರು ಏನು ಮಾಡಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನವರಿಗೆ ಇದು ಹೊಸ ಪ್ರಶ್ನೆ ಅಲ್ಲ. ವೈಶ್ಯ ಬ್ಯಾಂಕ್ ಷೇರು ಇಟ್ಟುಕೊಂಡಿದ್ದ ಮನೆಗಳಿಗೆ 2015ರಲ್ಲಿ ಕೋಟಕ್ ಷೇರು ಬಂತು. ಮೈಸೂರು ಬ್ಯಾಂಕ್ ಷೇರು 2017ರಲ್ಲಿ ಎಸ್‌ಬಿಐ ಷೇರಾಯಿತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ ಸೇರಿತು, ಅದೇ ವರ್ಷ ಐಟಿ ಕಂಪನಿ ಮೈಂಡ್‌ಟ್ರೀ ಎಲ್ ಅಂಡ್ ಟಿ ಕೈಗೆ ಹೋಯಿತು. ಪ್ರತಿ ಸಲವೂ ನೆಂಟರು, ಸಹೋದ್ಯೋಗಿಗಳು, ಪಾರ್ಕಿನಲ್ಲಿ ವಾಕಿಂಗ್ ಬರುವ ಹಿರಿಯರು ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಕಂಪನಿ ಮಾರಾಟ ಆಯ್ತಂತೆ. ನನ್ನ ಷೇರು ಹೋಯ್ತಾ?

ಇಲ್ಲ. ಪೇಪರಿನಲ್ಲಿ "ಮಾರಾಟ" ಅಂತ ಬಂದಾಗ ಸಾಮಾನ್ಯವಾಗಿ ಮಾರಿರುವುದು ಪ್ರವರ್ತಕರು (ಕಂಪನಿ ಕಟ್ಟಿ ನಡೆಸುವವರು) ಅಥವಾ ಯಾರೋ ದೊಡ್ಡ ಷೇರುದಾರರು. ಅವರು ಮಾರಿದ್ದು ಅವರ ಪಾಲು ಮಾತ್ರ. ಷೇರು ಇಡುವ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಇದ್ದದ್ದು ಹಾಗೇ ಇರುತ್ತದೆ.

ಮೈಂಡ್‌ಟ್ರೀಯಲ್ಲಿ ಆಗಿದ್ದು ಹೀಗೆ. ವಿ.ಜಿ. ಸಿದ್ಧಾರ್ಥ ಅವರ ಬಳಿಯಿದ್ದ ಸುಮಾರು ಶೇಕಡ 20ರ ಪಾಲನ್ನು ಎಲ್ ಅಂಡ್ ಟಿ ಷೇರಿಗೆ 980 ರೂಪಾಯಿಯಂತೆ ಕೊಂಡಿತು. ಕಂಪನಿ ಕಟ್ಟಿದವರಿಗೆ ಅದು ಇಷ್ಟವಿರಲಿಲ್ಲ, ಬಹಿರಂಗವಾಗಿಯೇ ವಿರೋಧಿಸಿದರು. ಆ ಜಗಳದ ನಡುವೆ ಸಾಮಾನ್ಯ ಷೇರುದಾರನ ಒಂದು ಷೇರೂ ಅವನ ಒಪ್ಪಿಗೆ ಇಲ್ಲದೆ ಎಲ್ಲೂ ಹೋಗಲಿಲ್ಲ.

ಓಪನ್ ಆಫರ್, ವಿಲೀನ, ಡಿಲಿಸ್ಟಿಂಗ್ ಎಲ್ಲಾ ಒಂದೇನಾ?

ಅಲ್ಲ. ನಿಮ್ಮ ಕೇಸು ಇವುಗಳಲ್ಲಿ ಯಾವುದು ಎಂದು ಮೊದಲು ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ಓಪನ್ ಆಫರ್ ಅಂದರೆ "ನಿಮ್ಮ ಷೇರನ್ನು ಈ ಬೆಲೆಗೆ ಕೊಳ್ಳುತ್ತೇವೆ, ಬೇಕಾದರೆ ಕೊಡಿ" ಎಂಬ ಮಾತು. ಕೊಡುವುದೂ ಬಿಡುವುದೂ ನಿಮ್ಮಿಷ್ಟ. ವಿಲೀನದಲ್ಲಿ ಹಳೆಯ ಕಂಪನಿಯೇ ಇಲ್ಲವಾಗುತ್ತದೆ, ಅದರ ಷೇರಿನ ಬದಲು ಹೊಸ ಕಂಪನಿಯ ಷೇರು ತಾನಾಗಿ ಬರುತ್ತದೆ. ಅಲ್ಲಿ ನಿಮಗಿರುವುದು ಒಂದು ಮತ, ಇಲ್ಲವೇ ಅದಕ್ಕೆ ಮೊದಲೇ ಮಾರಿ ಹೊರಬರುವ ದಾರಿ. ಡಿಲಿಸ್ಟಿಂಗ್‌ನಲ್ಲಿ ಕಂಪನಿ ಇರುತ್ತದೆ, ಆದರೆ ಅದರ ಷೇರು ಮಾರುಕಟ್ಟೆಯಿಂದ ಆಚೆ ಹೋಗುತ್ತದೆ. ಒಂದಾದ ಮೇಲೆ ಒಂದು ಬರುವುದೂ ಉಂಟು. ಮೈಂಡ್‌ಟ್ರೀಗೆ 2019ರಲ್ಲಿ ಓಪನ್ ಆಫರ್ ಬಂತು, 2022ರಲ್ಲಿ ವಿಲೀನ ಬಂತು.

ಸುಮ್ನೆ ಏನೂ ಮಾಡದೆ ಕೂತರೆ ಏನಾಗುತ್ತೆ?

ಓಪನ್ ಆಫರ್ ಆದರೆ ಏನೂ ಆಗುವುದಿಲ್ಲ, ಹೊಸ ಮಾಲೀಕರ ಕೈಕೆಳಗೆ ಅದೇ ಕಂಪನಿಯ ಷೇರುದಾರರಾಗಿ ಮುಂದುವರಿಯುತ್ತೀರಿ. ವಿಲೀನವಾದರೆ ಹೊಸ ಷೇರು ಖಾತೆಗೆ ಬಂದು ಬೀಳುತ್ತದೆ. ತೊಂದರೆ ಬರುವುದು ಡಿಲಿಸ್ಟಿಂಗ್‌ನಲ್ಲಿ. ಡಿಲಿಸ್ಟ್ ಆದಮೇಲೂ ಒಂದು ವರ್ಷ ನಿರ್ಗಮನ ಬೆಲೆಗೆ, ಅಂದರೆ ಡಿಲಿಸ್ಟಿಂಗ್‌ಗಾಗಿ ನಿಗದಿಯಾದ ಬೆಲೆಗೆ, ಷೇರು ಕೊಡಲು ಅವಕಾಶವಿರುತ್ತದೆ. ಅದನ್ನೂ ಬಿಟ್ಟರೆ ಕೊಳ್ಳುವವರನ್ನು ನೀವೇ ಹುಡುಕಬೇಕು.

ಸುಮ್ಮನೆ ಕೂರುವುದೂ ಒಂದು ತೀರ್ಮಾನವೇ. ಯೋಚಿಸಿ ಕೂತರೆ ತಪ್ಪಿಲ್ಲ. ಮೇಲ್ ನೋಡದೆ, ಪತ್ರ ಒಡೆಯದೆ ಕೂತವರನ್ನು ಕಂಡರೆ ಮಾತ್ರ ನನಗೆ ನಿಜವಾಗಿ ಸಂಕಟವಾಗುತ್ತದೆ.

## ಓಪನ್ ಆಫರ್ ಬಂದಾಗ

ನಮ್ಮಂಥ ಸಣ್ಣವರ ಷೇರು ಕೊಳ್ಳೋದಕ್ಕೆ ಅವರಿಗೇನು ಗರಜು?

ಗರಜಿಲ್ಲದಿದ್ದರೂ ಕಾನೂನು ಬಿಡುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ಸ್ವಾಧೀನ ನಿಯಮದ ಪ್ರಕಾರ ಯಾರಾದರೂ ಒಂದು ಲಿಸ್ಟೆಡ್ (ಷೇರುಪೇಟೆಯಲ್ಲಿ ವಹಿವಾಟಾಗುವ) ಕಂಪನಿಯಲ್ಲಿ ಶೇಕಡ 25 ಅಥವಾ ಅದಕ್ಕಿಂತ ಜಾಸ್ತಿ ಮತದ ಹಕ್ಕು ಪಡೆಯಲು ಹೊರಟರೆ, ಉಳಿದ ಷೇರುದಾರರಿಂದ ಕನಿಷ್ಠ ಇನ್ನೂ ಶೇಕಡ 26ರಷ್ಟು ಕೊಳ್ಳಲು ಮುಂದಾಗಲೇಬೇಕು. ದೊಡ್ಡವರಿಗೆ ಒಳ್ಳೆಯ ಬೆಲೆ ಸಿಕ್ಕಿ ಚಿಕ್ಕವರು ಬಾಯಿ ಬಿಟ್ಟುಕೊಂಡು ನೋಡುವಂತೆ ಆಗಬಾರದು ಎಂಬುದು ಇದರ ಉದ್ದೇಶ.

ಬೆಲೆಗೂ ತಳಮಿತಿ ಇದೆ. ದೊಡ್ಡ ಷೇರುದಾರನಿಗೆ ಒಪ್ಪಿದ ಬೆಲೆ, ಹಿಂದಿನ 52 ವಾರಗಳಲ್ಲಿ ಕೊಳ್ಳುವವರು ತಾವು ಕೊಟ್ಟ ಸರಾಸರಿ ಬೆಲೆ, 26 ವಾರಗಳಲ್ಲಿ ಕೊಟ್ಟ ಅತಿ ಹೆಚ್ಚಿನ ಬೆಲೆ, ಮಾರುಕಟ್ಟೆಯ 60 ದಿನದ ವಹಿವಾಟಿನ ಸರಾಸರಿ, ಇಂಥವುಗಳಲ್ಲಿ ಯಾವುದು ಜಾಸ್ತಿಯೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಮೈಂಡ್‌ಟ್ರೀಯಲ್ಲಿ ಸಾಮಾನ್ಯ ಷೇರುದಾರರಿಗೂ ಅದೇ 980 ಸಿಕ್ಕಿದ್ದು ಇದರಿಂದಲೇ.

ಕೊಡೋದಾ, ಇಟ್ಟುಕೊಳ್ಳೋದಾ? ನೇರವಾಗಿ ಹೇಳಿ.

ಮೊದಲು ಮಾರುಕಟ್ಟೆ ಬೆಲೆ ನೋಡಿ. ಆಫರ್ 1,000 ಇದ್ದು ಮಾರುಕಟ್ಟೆಯಲ್ಲಿ 1,060 ಸಿಗುತ್ತಿದ್ದರೆ ಆಫರ್‌ಗೆ ಕೊಡುವ ಮಾತೇ ಇಲ್ಲ. ಹೊರಬರಬೇಕೆನಿಸಿದರೆ ಮಾರುಕಟ್ಟೆಯಲ್ಲೇ ಮಾರಿ. 2012ರ ನವೆಂಬರ್‌ನಲ್ಲಿ ಬ್ರಿಟನ್ನಿನ ಮದ್ಯ ಕಂಪನಿ ಡಿಯಾಜಿಯೋ ನಮ್ಮ ಊರಿನ ಯುನೈಟೆಡ್ ಸ್ಪಿರಿಟ್ಸ್‌ಗೆ 1,440 ರೂಪಾಯಿ ಬೆಲೆ ಹೇಳಿತು. ಆಫರ್ ತೆರೆಯುವ ಹೊತ್ತಿಗೆ ಮಾರುಕಟ್ಟೆ ಬೆಲೆ ಅದಕ್ಕಿಂತ ಎಷ್ಟೋ ಮೇಲಿತ್ತು, ಹೆಚ್ಚುಕಡಿಮೆ ಯಾರೂ ಕೊಡಲಿಲ್ಲ. 2014ರಲ್ಲಿ ಅದೇ ಡಿಯಾಜಿಯೋ ಮತ್ತೆ ಬಂದು 3,030 ಕೊಟ್ಟಿತು.

ಆಫರ್ ಬೆಲೆಯೇ ಮೇಲಿದ್ದರೆ ಪ್ರಶ್ನೆ ಕಷ್ಟವಾಗುತ್ತದೆ. ಆಗ ನಾನು ಎಲ್ಲರಿಗೂ ಹೇಳುವುದು ಒಂದೇ: ಕೈಯಲ್ಲಿ ಷೇರು ಇಲ್ಲ, ಅಷ್ಟೇ ದುಡ್ಡು ಇದೆ ಅಂದುಕೊಳ್ಳಿ. ಹೊಸ ಮಾಲೀಕರ ಕೈಲಿರುವ ಈ ಕಂಪನಿಯ ಷೇರನ್ನು ಆ ದುಡ್ಡಿನಿಂದ ಇವತ್ತು ಕೊಳ್ಳುತ್ತೀರಾ? ಕೊಳ್ಳುತ್ತೀರಿ ಅಂದರೆ ಇಟ್ಟುಕೊಳ್ಳಿ. "ಅಯ್ಯೋ ಇಲ್ಲಪ್ಪ" ಅನಿಸಿದರೆ ಕೊಟ್ಟುಬಿಡಿ. ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಈ ಪ್ರಶ್ನೆಯೊಳಗೆ ಬರಲೇಬಾರದು, ಆದರೆ ಕೇಳುವವರಲ್ಲಿ ಬಹಳ ಜನ ಮಾತು ಶುರುಮಾಡುವುದೇ ಅಲ್ಲಿಂದ: "ನಾನು 1,200ಕ್ಕೆ ಕೊಂಡಿದ್ದೆ, 980ಕ್ಕೆ ಹೇಗೆ ಕೊಡಲಿ?" ಆ 1,200 ನಿಮಗೆ ಮಾತ್ರ ನೆನಪಿದೆ, ಕಂಪನಿಗೆ ಅದರ ಗುರುತೇ ಇಲ್ಲ.

ಉತ್ತರ ಎರಡೂ ಕಡೆ ಹೋಗಬಹುದು. ಮೈಂಡ್‌ಟ್ರೀ ಆಫರ್ ಮುಗಿದ ಮೇಲೆ ಕೆಲವು ತಿಂಗಳು ಬೆಲೆ 980ಕ್ಕಿಂತ ಕೆಳಗಿತ್ತು. ಕೊಡದವರು ಕೈ ಕೈ ಹಿಸುಕಿಕೊಂಡರು. 2021ರಲ್ಲಿ ಅದೇ ಷೇರು 4,000 ದಾಟಿತು. ಯುನೈಟೆಡ್ ಸ್ಪಿರಿಟ್ಸ್‌ನದು ಇನ್ನೊಂದು ಥರ. 2018ರಲ್ಲಿ ಒಂದು ಷೇರು ಐದಾಯಿತು, ಅಂದರೆ ಹಳೆಯ 3,030 ಈಗಿನ ಲೆಕ್ಕದಲ್ಲಿ 606. ಆಫರ್ ಆಗಿ ಆರು ವರ್ಷದ ಮೇಲೆ, 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಬೆಲೆ ಆ 606ಕ್ಕಿಂತ ಕೆಳಗಿತ್ತು.

ನೂರು ಷೇರೂ ಕೊಡ್ತೀನಿ ಅಂದೆ, ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು. ಮೋಸ ಅಲ್ವಾ?

ಮೋಸ ಅಲ್ಲ, ಲೆಕ್ಕ. ಅವರು ಕೊಳ್ಳುತ್ತೇವೆ ಎಂದಿದ್ದು ಕಂಪನಿಯ ಶೇಕಡ 26 ಮಾತ್ರ ಅಂದುಕೊಳ್ಳಿ. ಜನರ ಬಳಿ ಶೇಕಡ 60 ಇದೆ, ಎಲ್ಲರೂ ಕೊಡಲು ಬಂದರು. ಆಗ 60ರಲ್ಲಿ 26, ಅಂದರೆ ನಿಮ್ಮ ನೂರರಲ್ಲಿ ಸುಮಾರು 43 ಷೇರು ಅವರು ಇಟ್ಟುಕೊಂಡು 57 ಹಿಂದಿರುಗಿಸುತ್ತಾರೆ. ಬೈಬ್ಯಾಕ್‌ನಲ್ಲಿ (ಕಂಪನಿಯೇ ತನ್ನ ಷೇರನ್ನು ವಾಪಸ್ ಕೊಳ್ಳುವಾಗ) ಸಣ್ಣ ಷೇರುದಾರರಿಗೆ ಶೇಕಡ 15 ಮೀಸಲು ಇರುತ್ತದೆ. ಅದನ್ನು ನೆನಪಿಟ್ಟುಕೊಂಡವರು ಇಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಓಪನ್ ಆಫರ್‌ನಲ್ಲಿ ಅಂಥ ಮೀಸಲು ಇಲ್ಲ.

ಹಾಗಾಗಿ ಲೆಕ್ಕ ಹಾಕುವಾಗ ಎರಡು ಬೆಲೆ ಬೇಕು: ತೆಗೆದುಕೊಂಡ ಷೇರಿಗೆ ಆಫರ್ ಬೆಲೆ, ವಾಪಸ್ ಬಂದ ಷೇರಿಗೆ ಆಫರ್ ಮುಗಿದ ನಂತರದ ಮಾರುಕಟ್ಟೆ ಬೆಲೆ. ಎರಡನೆಯದು ಬಹಳ ಸಲ ಇಳಿಯುತ್ತದೆ, ಯಾಕೆಂದರೆ ಬೆಲೆಗೆ ಊರುಗೋಲಾಗಿ ನಿಂತಿದ್ದೇ ಆ ಆಫರ್. ಎಲ್ಲವನ್ನೂ ಮಾರಿ ಹೊರಬರಬೇಕು ಎಂದು ಖಚಿತವಾಗಿದ್ದರೆ, ಮಾರುಕಟ್ಟೆ ಬೆಲೆ ಆಫರ್‌ಗೆ ಹತ್ತಿರ ಇರುವಾಗ ಮಾರುಕಟ್ಟೆಯಲ್ಲಿ ಮಾರುವುದೇ ಎಷ್ಟೋ ಸಲ ವಾಸಿ.

ಆಫರ್‌ಗೆ ಕೊಟ್ಟಮೇಲೆ ಬೆಲೆ ಏರಿದರೆ ವಾಪಸ್ ತಗೋಬಹುದಾ?

ಇಲ್ಲ. ಕೊಡಲು 10 ಕೆಲಸದ ದಿನ ಕಾಲಾವಕಾಶ ಇರುತ್ತದೆ. ಒಮ್ಮೆ ಕೊಟ್ಟರೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ, ಷೇರು ನಿಮ್ಮ ಖಾತೆಯಲ್ಲೇ ಲಾಕ್ ಆಗಿರುತ್ತದೆ. ಹಾಗಾಗಿ ಮೊದಲ ದಿನವೇ ಓಡಿ ಕೊಡಬೇಡಿ. ಹಾಗಂತ ಕೊನೆಯ ದಿನ ಮಧ್ಯಾಹ್ನದವರೆಗೂ ಕಾಯಬೇಡಿ, ಬ್ರೋಕರ್‌ಗಳು ಒಂದೆರಡು ದಿನ ಮೊದಲೇ ಬಾಗಿಲು ಹಾಕುವುದುಂಟು. ನಾನು ಏಳನೇ, ಎಂಟನೇ ದಿನ ತೀರ್ಮಾನ ಮಾಡುತ್ತೇನೆ. ಆಫರ್ ತೆರೆಯುವ ಮೊದಲು ಸ್ವತಂತ್ರ ನಿರ್ದೇಶಕರ ಸಮಿತಿ ಈ ಬೆಲೆ ನ್ಯಾಯವೇ ಎಂದು ಬರೆದು ಪ್ರಕಟಿಸಲೇಬೇಕು. ಒಂದೆರಡು ಪುಟ ಇರುತ್ತದೆ, ಓದಿ. ಮುಗಿದ ಮೇಲೆ 10 ಕೆಲಸದ ದಿನದೊಳಗೆ ದುಡ್ಡು ಬರಬೇಕು.

ಒಂದು ರಕ್ಷಣೆ ಬಹಳ ಜನರಿಗೆ ಗೊತ್ತಿಲ್ಲ. ಆಫರ್ ಮುಗಿದ 26 ವಾರದೊಳಗೆ ಕೊಳ್ಳುವವರು ಬೇರೆಯವರಿಗೆ ಜಾಸ್ತಿ ಬೆಲೆ ಕೊಟ್ಟರೆ, ಆಫರ್‌ನಲ್ಲಿ ಕೊಟ್ಟವರಿಗೂ ವ್ಯತ್ಯಾಸ ತುಂಬಿಕೊಡಬೇಕು. ಮಾರುಕಟ್ಟೆಯ ಮಾಮೂಲಿ ಖರೀದಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಎನ್‌ಡಿಟಿವಿಯಲ್ಲಿ ಅದಾನಿ ಗುಂಪು 2022ರ ಕೊನೆಯಲ್ಲಿ 294 ರೂಪಾಯಿಗೆ ಆಫರ್ ಮಾಡಿತು, ಆಮೇಲೆ ಸಂಸ್ಥಾಪಕರಿಗೆ 342.65 ಕೊಟ್ಟಿತು. ಆಫರ್‌ನಲ್ಲಿ ಕೊಟ್ಟಿದ್ದ ಸಣ್ಣವರಿಗೂ ಷೇರಿಗೆ 48.65 ರೂಪಾಯಿ ಹೆಚ್ಚುವರಿಯಾಗಿ ಬಂತು.

## ಷೇರಿಗೆ ಬದಲು ಷೇರು ಬಂದಾಗ

100ಕ್ಕೆ 73 ಅಂದ್ರೆ 27 ಷೇರು ನುಂಗಿ ಹಾಕಿದ್ರಾ?

ಎಲ್ ಅಂಡ್ ಟಿಯ ಇನ್ನೊಂದು ಐಟಿ ಕಂಪನಿ ಎಲ್‌ಟಿಐ ಮತ್ತು ಮೈಂಡ್‌ಟ್ರೀ ಒಂದಾದಾಗ ಇದನ್ನು ಎಷ್ಟು ಜನ ಕೇಳಿದರೋ! ನೂರು ಮೈಂಡ್‌ಟ್ರೀ ಷೇರಿಗೆ 73 ಎಲ್‌ಟಿಐ ಷೇರು ಸಿಕ್ಕವು. ಸಂಖ್ಯೆ ಕಡಿಮೆಯಾಯಿತು, ಆದರೆ ಆ ಒಂದೊಂದು ಷೇರಿನ ಬೆಲೆ ಜಾಸ್ತಿ ಇತ್ತು. ಸಂಖ್ಯೆ ನೋಡಬೇಡಿ, ಗುಣಿಸಿ ನೋಡಿ. ಮೈಸೂರು ಬ್ಯಾಂಕಿನ 10 ಷೇರಿಗೆ ಎಸ್‌ಬಿಐನ 22 ಬಂದಾಗ ಎರಡರಷ್ಟು ಸಿಕ್ಕಿತು ಎಂದು ಹಿಗ್ಗಿದವರೂ ಇದೇ ತಪ್ಪು ಮಾಡಿದರು.

ಲೆಕ್ಕ ಸರಿಯಾಗಿ ಕೂರದಿದ್ದರೆ ಚೂರು ಷೇರು ಉಳಿಯುತ್ತದೆ. ಐಎನ್‌ಜಿ ವೈಶ್ಯ ಬ್ಯಾಂಕಿನ 1,000 ಷೇರಿಗೆ ಕೋಟಕ್‌ನ 725 ಎಂಬ ಅನುಪಾತ. 150 ಷೇರು ಇದ್ದವರಿಗೆ 108.75 ಆಗುತ್ತದೆ. ಅಂಥ ಕಡೆ 108 ಷೇರು ಖಾತೆಗೆ ಬರುತ್ತದೆ. ಎಲ್ಲರ ಚೂರುಗಳನ್ನೂ ಒಟ್ಟುಮಾಡಿ ಮಾರಿ, ಉಳಿದ ಮುಕ್ಕಾಲು ಷೇರಿನ ದುಡ್ಡನ್ನು ಬ್ಯಾಂಕ್ ಖಾತೆಗೆ ಹಾಕುತ್ತಾರೆ. ಡಿಮ್ಯಾಟ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಮುಚ್ಚಿದ್ದರೆ ಅದೂ ತಪ್ಪಿಹೋಗುತ್ತದೆ.

ವಿಲೀನ ಘೋಷಣೆ ಆಗಿದೆ. ಈಗಲೇ ಮಾರಲಾ, ಹೊಸ ಷೇರು ಬರೋವರೆಗೂ ಕಾಯಲಾ?

ಘೋಷಣೆಗೂ ಮುಕ್ತಾಯಕ್ಕೂ ನಡುವೆ ಬಹಳ ನೀರು ಹರಿಯುತ್ತದೆ. ಎಚ್‌ಡಿಎಫ್‌ಸಿ ವಿಲೀನ 2022ರ ಏಪ್ರಿಲ್‌ನಲ್ಲಿ ಘೋಷಣೆಯಾಗಿ 2023ರ ಜುಲೈ 1ಕ್ಕೆ ಮುಗಿಯಿತು, ಸುಮಾರು ಹದಿನೈದು ತಿಂಗಳು. ಸೆಬಿ, ಸ್ಪರ್ಧಾ ಆಯೋಗ, ಷೇರುದಾರರ ಸಭೆ, ಕಂಪನಿ ಕಾನೂನು ನ್ಯಾಯಮಂಡಳಿ, ಎಲ್ಲರೂ ಒಪ್ಪಬೇಕು.

ಅಷ್ಟರಲ್ಲಿ ಎರಡು ಷೇರಿನ ಬೆಲೆ ಜೊತೆಜೊತೆಯಾಗಿ ಓಡುತ್ತವೆ. ಕೊಳ್ಳುವ ಕಂಪನಿಯ ಷೇರು 1,000, ಅನುಪಾತ 100ಕ್ಕೆ 73 ಅಂದರೆ ನಿಮ್ಮ ಷೇರಿನ ನ್ಯಾಯವಾದ ಬೆಲೆ 730. ಮಾರುಕಟ್ಟೆಯಲ್ಲಿ 710 ಇದ್ದರೆ ಆ 20 ರೂಪಾಯಿ ಕಾಯುವುದಕ್ಕೆ ಮತ್ತು ಅಪಾಯ ಹೊರುವುದಕ್ಕೆ ಸಿಗುವ ಕೂಲಿ. ಅಂತರ ದೊಡ್ಡದಾಗಿದ್ದರೆ ಡೀಲ್ ಮುರಿಯಬಹುದು ಎಂದು ಮಾರುಕಟ್ಟೆ ಹೆದರಿದೆ ಅಂತ ಅರ್ಥ. ಆ ಹೆದರಿಕೆ ಬರೀ ಹೆದರಿಕೆಯಲ್ಲ. ಜೀ ಮತ್ತು ಸೋನಿ ವಿಲೀನ ಎರಡು ವರ್ಷ ಎಳೆದು 2024ರ ಜನವರಿ 22ರಂದು ಮುರಿದುಬಿತ್ತು, ಮರುದಿನ ಜೀ ಷೇರು ಒಂದೇ ದಿನಕ್ಕೆ ಸುಮಾರು ಶೇಕಡ 30 ಕುಸಿಯಿತು.

ಹೊಸ ಕಂಪನಿ ನಿಮಗೆ ಬೇಕಾದ್ದೇ ಆದರೆ ಕಾಯಿರಿ. ಬೇಡವಾದ್ದಾದರೆ ಆ ಕೊನೆಯ ಶೇಕಡ ಎರಡು ಮೂರರ ಆಸೆಗೆ ಒಂದು ವರ್ಷ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಮನೆ ಕೊಳ್ಳಲು, ಮದುವೆಗೆ ಅಂತ ದುಡ್ಡು ಬೇಕಿದ್ದವರಂತೂ ಕಾಯಲೇಬೇಡಿ. ಹಳೆಯ ಷೇರಿನ ವಹಿವಾಟು ನಿಂತು ಹೊಸದು ಖಾತೆಗೆ ಬರುವ ತನಕ ಕೆಲವು ದಿನ ಏನನ್ನೂ ಮಾರಲಾಗುವುದಿಲ್ಲ.

ನನಗೆ ಈ ಅನುಪಾತ ಇಷ್ಟ ಇಲ್ಲ. ಬೇಡ ಅನ್ನಬಹುದಾ?

ಮತ ಹಾಕಬಹುದು, ಹಾಕಲೇಬೇಕು. ಇ-ಓಟಿಂಗ್ ಲಿಂಕ್ ಮೇಲ್‌ಗೆ ಬರುತ್ತದೆ, ಐದು ನಿಮಿಷದ ಕೆಲಸ. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಮೌಲ್ಯದ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಿದರೆ ವಿಲೀನ ಪಾಸಾಗುತ್ತದೆ. ಪಾಸಾದರೆ ಬೇಡ ಅಂದವರಿಗೂ ಅದೇ ಅನುಪಾತ. ಐಸಿಐಸಿಐ ಸೆಕ್ಯುರಿಟೀಸ್‌ನ 100 ಷೇರಿಗೆ ಐಸಿಐಸಿಐ ಬ್ಯಾಂಕಿನ 67 ಎಂದಾಗ ಕೆಲವು ಷೇರುದಾರರು ನ್ಯಾಯಮಂಡಳಿವರೆಗೂ ಹೋದರು. ಕೊನೆಗೆ 2025ರ ಮಾರ್ಚ್‌ನಲ್ಲಿ ಅದೇ ಅನುಪಾತದಲ್ಲಿ ಕಂಪನಿ ಡಿಲಿಸ್ಟ್ ಆಯಿತು.

ಮುಳುಗುತ್ತಿರೋ ಕಂಪನೀನ ದೊಡ್ಡವರು ಕೊಂಡರೆ ಷೇರು ಏರುತ್ತೆ ಅಂತಾರೆ, ಕೊಳ್ಳಲಾ?

ದಯವಿಟ್ಟು ಬೇಡ. ಕಂಪನಿ ಉಳಿಯುವುದು ಬೇರೆ, ಷೇರುದಾರ ಉಳಿಯುವುದು ಬೇರೆ. 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕ್ ಡಿಬಿಎಸ್‌ಗೆ ಸೇರಿದಾಗ ಠೇವಣಿ ಇಟ್ಟವರ ದುಡ್ಡು ಉಳಿಯಿತು, ಷೇರುಗಳ ಬೆಲೆ ಸೊನ್ನೆಯಾಯಿತು. 2021ರಲ್ಲಿ ಡಿಎಚ್‌ಎಫ್‌ಎಲ್ ಅನ್ನು ಪಿರಾಮಲ್ ಕೊಂಡಾಗಲೂ ಷೇರುದಾರರಿಗೆ ಏನೂ ಸಿಗಲಿಲ್ಲ. ದಿವಾಳಿ ಪ್ರಕ್ರಿಯೆಯಲ್ಲಿ ಸಾಲ ಕೊಟ್ಟವರು ಮೊದಲು, ಷೇರುದಾರರು ಎಲ್ಲರಿಗಿಂತ ಕೊನೆಗೆ. ಕೊನೆಯ ಪಂಕ್ತಿಗೆ ಊಟ ಉಳಿದಿರುವುದು ಅಪರೂಪ.

## ತೆರಿಗೆ ಮತ್ತು ಹಳೆ ಕಾಗದ

ಷೇರು ಬದಲಾದಾಗಲೇ ತೆರಿಗೆ ಕಟ್ಟಬೇಕಾ?

ಎರಡೂ ಭಾರತದ ಕಂಪನಿಗಳಾದ ವಿಲೀನದಲ್ಲಿ ಷೇರಿಗೆ ಷೇರು ಬಂದರೆ ಆಗ ತೆರಿಗೆ ಇಲ್ಲ. ಹೊಸ ಷೇರನ್ನು ಮಾರಿದಾಗ ಕಟ್ಟಬೇಕು. ಹಳೆಯ ಖರೀದಿ ಬೆಲೆಯೂ ದಿನಾಂಕವೂ ಹೊಸದಕ್ಕೆ ವರ್ಗವಾಗುತ್ತವೆ. 980ರಂತೆ 100 ಮೈಂಡ್‌ಟ್ರೀ ಕೊಂಡಿದ್ದರೆ ವೆಚ್ಚ 98,000. ಅದನ್ನು 73ಕ್ಕೆ ಹಂಚಿದರೆ ಹೊಸ ಷೇರೊಂದಕ್ಕೆ ಸುಮಾರು 1,342 ರೂಪಾಯಿ. ಬ್ರೋಕರ್ ಆಪ್‌ನಲ್ಲಿ ಈ ಜಾಗ ಬಹಳ ಸಲ ಖಾಲಿ ಇರುತ್ತದೆ ಅಥವಾ ಸೊನ್ನೆ ತೋರಿಸುತ್ತದೆ. ಅವತ್ತೇ ತುಂಬಿಡಿ. ಚೂರು ಷೇರಿಗೆ ಬಂದ ದುಡ್ಡಿಗೆ ಮಾತ್ರ ಆ ವರ್ಷವೇ ತೆರಿಗೆ ಲೆಕ್ಕ.

ಓಪನ್ ಆಫರ್ ಈಗ ಷೇರುಪೇಟೆಯ ಮೂಲಕವೇ ನಡೆಯುತ್ತದೆ, ಹಾಗಾಗಿ ಮಾಮೂಲಿ ಮಾರಾಟದ ತೆರಿಗೆಯೇ. 2024ರ ಜುಲೈ 23ರಿಂದ ಬಂದ ದರದ ಪ್ರಕಾರ, ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ ಶೇಕಡ 12.5, ಇಲ್ಲದಿದ್ದರೆ ಶೇಕಡ 20. ಡಿಲಿಸ್ಟ್ ಆದ ನಂತರ ಷೇರುಪೇಟೆಯ ಹೊರಗೆ ಕೊಟ್ಟರೆ ಆ 1.25 ಲಕ್ಷದ ವಿನಾಯಿತಿ ಸಿಗುವುದಿಲ್ಲ. ಮಾರ್ಚ್ ಕೊನೆಗೆ ಆಫರ್ ಬಂದರೆ ಒಂದಷ್ಟನ್ನು ಈ ವರ್ಷ, ಒಂದಷ್ಟನ್ನು ಏಪ್ರಿಲ್‌ನಲ್ಲಿ ಮಾರುವ ಲೆಕ್ಕವನ್ನೂ ಹಾಕಿ ನೋಡಿ.

ಅಪ್ಪನ ಹೆಸರಲ್ಲಿ ಹಳೆ ಷೇರು ಪತ್ರ ಸಿಕ್ಕಿದೆ, ಆ ಕಂಪನಿ ಹೆಸರೇ ಈಗಿಲ್ಲ. ಬೀಸಾಕಲಾ?

ಖಂಡಿತ ಬೇಡ! ಬೀರುವಿನಲ್ಲಿ ಸೀರೆಗಳ ಕೆಳಗೆ ಸಿಕ್ಕ ಆ ಕಾಗದಕ್ಕೆ ಬೆಲೆ ಇರಬಹುದು. ಮೊದಲು ಆ ಕಂಪನಿ ಯಾವುದರಲ್ಲಿ ವಿಲೀನವಾಯಿತು ಎಂದು ಹುಡುಕಿ, ಆಮೇಲೆ ಹೊಸ ಕಂಪನಿಯ ರಿಜಿಸ್ಟ್ರಾರ್‌ಗೆ (ಷೇರುದಾರರ ಲೆಕ್ಕ ಇಡುವ ಸಂಸ್ಥೆಗೆ) ಪತ್ರದ ಮೇಲಿರುವ ಫೋಲಿಯೋ ಸಂಖ್ಯೆ ಕೊಟ್ಟು ಬರೆಯಿರಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ತೆಗೆದುಕೊಳ್ಳದಿದ್ದರೆ ಷೇರು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗಿರುತ್ತದೆ. ಅಲ್ಲಿಂದಲೂ ಐಇಪಿಎಫ್-5 ಎಂಬ ಅರ್ಜಿ ಹಾಕಿ ವಾಪಸ್ ಪಡೆಯಬಹುದು. ನಮ್ಮ ಮನೆಯಲ್ಲೇ ಹೀಗಾಯಿತು. ಅಪ್ಪ ರಾಜಾಜಿನಗರದ ಬಾಡಿಗೆ ಮನೆ ಬಿಟ್ಟಾಗ ವಿಳಾಸ ಬದಲಿಸಿರಲಿಲ್ಲ, ಒಂದು ಕಂಪನಿಯ ವಿಲೀನದ ಪತ್ರಗಳೆಲ್ಲ ಹಳೆ ಮನೆಗೆ ಹೋಗಿ ಹಿಂದಿರುಗಿದ್ದವು. ಅಪ್ಪ ಹೋದಮೇಲೆ ವಾರಸುದಾರರ ಕಾಗದ, ಅಫಿಡವಿಟ್, ಸಹಿ ಹೊಂದಿಕೆ ಅಂತ ಅಮ್ಮ ಎರಡು ವರ್ಷ ಓಡಾಡಿದರು. ಷೇರು ಬಂತು. ಆದರೆ ಅಮ್ಮನಿಗೆ ಆ ಓಡಾಟ ತಪ್ಪಬಹುದಿತ್ತು. ನಿಮ್ಮ ತಂದೆ ತಾಯಿ ಇನ್ನೂ ಇದ್ದರೆ ಈ ಭಾನುವಾರವೇ ಜೊತೆಗೆ ಕೂತು ಪತ್ರಗಳನ್ನು ಡಿಮ್ಯಾಟ್‌ಗೆ ಹಾಕಿಸಿ, ನಾಮಿನಿ ಬರೆಸಿ.

## ಕೆಲಸ ಮಾಡುವ ಕಂಪನಿಯೇ ಮಾರಾಟವಾದಾಗ

ನನ್ನ ಗೆಳೆಯ ಆ ಕಂಪನೀಲೇ ಇದ್ದಾನೆ. ಡೀಲ್ ಬರ್ತಿದೆ ಅಂದ. ಈಗಲೇ ಕೊಂಡುಬಿಡಲಾ?

ಬೇಡ. ಸೆಬಿಯ 2015ರ ನಿಯಮದ ಪ್ರಕಾರ ಅದು ಇನ್‌ಸೈಡರ್ ಟ್ರೇಡಿಂಗ್, ಒಳಗುಟ್ಟು ತಿಳಿದು ಮಾಡುವ ವಹಿವಾಟು. ಹೇಳಿದವನೂ ಸಿಕ್ಕಿಬೀಳುತ್ತಾನೆ, ಕೊಂಡವರೂ ಸಿಕ್ಕಿಬೀಳುತ್ತಾರೆ. ಅವನ ಕೆಲಸ ಹೋದರೆ ನಿಮ್ಮ ಸ್ನೇಹವೂ ಹೋದಂತೆಯೇ.

ಸ್ಟಾರ್ಟಪ್‌ನಲ್ಲಿದ್ದೀನಿ, ಕಂಪನಿ ಮಾರ್ತಿದ್ದಾರೆ. ನನ್ನ ಇಸಾಪ್‌ಗೆ ಎಷ್ಟು ಸಿಗುತ್ತೆ?

2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಶೇಕಡ 77ರಷ್ಟು ಪಾಲು ಕೊಂಡಾಗ ಇಸಾಪ್ (ನೌಕರರಿಗೆ ಕಂಪನಿ ಕೊಡುವ ಷೇರು ಪಡೆಯುವ ಹಕ್ಕು) ಇದ್ದ ಎಷ್ಟೋ ಜನರ ಬದುಕು ಬದಲಾಯಿತು. ಅದನ್ನು ನೋಡಿ ಎಲ್ಲರೂ ಹಾಗೇ ಆಗುತ್ತದೆ ಅಂದುಕೊಂಡರೆ ನಿರಾಸೆಯಾಗುತ್ತದೆ. ಸಣ್ಣ ಬೆಲೆಗೆ ಮಾರಾಟವಾದರೆ ಮೊದಲು ದುಡ್ಡು ಹಾಕಿದ ಹೂಡಿಕೆದಾರರು ತಮ್ಮ ಪಾಲು ತೆಗೆದುಕೊಳ್ಳುತ್ತಾರೆ, ಒಪ್ಪಂದದಲ್ಲಿ ಅವರಿಗೆ ಆ ಹಕ್ಕು ಬರೆದಿರುತ್ತದೆ. ಕಂಪನಿ 200 ಕೋಟಿಗೆ ಹೋಯಿತು, ಹೂಡಿಕೆದಾರರಿಗೆ ಮೊದಲು ಸಲ್ಲಬೇಕಾದ್ದು 180 ಕೋಟಿ ಅಂದರೆ, ಸ್ಥಾಪಕರೂ ನೌಕರರೂ ಸೇರಿ ಹಂಚಿಕೊಳ್ಳುವುದು ಉಳಿದ 20 ಕೋಟಿಯನ್ನು.

ಎಚ್‌ಆರ್ ಹತ್ತಿರ ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೇಳಿ: ವೆಸ್ಟ್ ಆದದ್ದಕ್ಕೆ (ಅವಧಿ ಮುಗಿದು ನಿಮ್ಮದಾದ ಹಕ್ಕಿಗೆ) ನಗದೋ ಹೊಸ ಕಂಪನಿಯ ಷೇರೋ? ವೆಸ್ಟ್ ಆಗದ್ದು ರದ್ದಾಗುತ್ತದೋ, ಮುಂದುವರಿಯುತ್ತದೋ? ದುಡ್ಡಿನಲ್ಲಿ ಒಂದು ಭಾಗವನ್ನು ವರ್ಷ, ಒಂದೂವರೆ ವರ್ಷ ತಡೆಹಿಡಿಯುತ್ತಾರೋ? ಈಗ ಕೆಲಸ ಬಿಟ್ಟರೆ ಏನು ಉಳಿಯುತ್ತದೆ? ತೆರಿಗೆ ಸಾಮಾನ್ಯವಾಗಿ ಎರಡು ಹಂತದಲ್ಲಿ ಬರುತ್ತದೆ. ಆಪ್ಷನ್, ಅಂದರೆ ಆ ಹಕ್ಕು, ಬಳಸಿ ಷೇರು ಪಡೆದಾಗ ನೀವು ಕೊಟ್ಟ ಬೆಲೆಗೂ ಷೇರಿನ ಆಗಿನ ಬೆಲೆಗೂ ಇರುವ ವ್ಯತ್ಯಾಸಕ್ಕೆ ಸಂಬಳದಂತೆ, ಆಮೇಲೆ ಮಾರಿದಾಗ ಲಾಭಕ್ಕೆ. ಡೀಲ್ ಖಚಿತವಾಗುವ ಮೊದಲೇ ಸಾಲ ಮಾಡಿ ಆಪ್ಷನ್ ಬಳಸಿದವರು ಡೀಲ್ ಮುರಿದಾಗ ಮಾರಲಾಗದ ಷೇರಿಗೆ ತೆರಿಗೆ ಕಟ್ಟಬೇಕಾಗುತ್ತದೆ. ಆ ಅವಸರ ಮಾತ್ರ ಮಾಡಬೇಡಿ.

ನಂದು ಅಮೆರಿಕದ ಕಂಪನಿ ಷೇರು. ನಗದು ಬೇಕಾ, ಷೇರು ಬೇಕಾ ಅಂತ ಕೇಳ್ತಿದ್ದಾರೆ. ಏನು ಹೇಳಲಿ?

ವಿಎಂವೇರ್ ಅನ್ನು ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಕೊಂಡಾಗ ಬೆಂಗಳೂರಿನ ನೌಕರರ ಮನೆಗಳಲ್ಲೂ ಇದೇ ಚರ್ಚೆ. ಒಂದು ಷೇರಿಗೆ 142.50 ಡಾಲರ್ ನಗದು, ಇಲ್ಲವೇ ಬ್ರಾಡ್‌ಕಾಮ್‌ನ 0.2520 ಷೇರು. ಡೀಲ್ ಮುಗಿಯುವ ಹೊತ್ತಿಗೆ ಬ್ರಾಡ್‌ಕಾಮ್ ಬೆಲೆ ಎಷ್ಟು ಏರಿತ್ತೆಂದರೆ ಷೇರಿನ ದಾರಿಯಲ್ಲೇ ನಗದಿಗಿಂತ ಬಹಳ ಜಾಸ್ತಿ ಸಿಗುತ್ತಿತ್ತು. ಹೆಚ್ಚುಕಡಿಮೆ ಎಲ್ಲರೂ ಅದನ್ನೇ ಕೇಳಿದರು. ಆದರೆ ಒಟ್ಟಾರೆ ಅರ್ಧ ನಗದು, ಅರ್ಧ ಷೇರು ಎಂದು ಮೊದಲೇ ಕಟ್ಟು ಹಾಕಿದ್ದರಿಂದ ಷೇರು ಕೇಳಿದವರಿಗೂ ಒಂದು ಭಾಗ ನಗದೇ ಬಂತು. ಆಯ್ಕೆ ಕೊಟ್ಟಾಗ ಈ ಮಿತಿಯ ಸಾಲನ್ನು ಮೊದಲು ಹುಡುಕಿ. ಕೊನೆಯ ದಿನಾಂಕ ಅಮೆರಿಕದ ಸಮಯದಲ್ಲಿ ಬರೆದಿರುತ್ತದೆ, ಬ್ರೋಕರ್‌ನ ಗಡುವು ಅದಕ್ಕೂ ಮೊದಲೇ ಇರುತ್ತದೆ.

ಭಾರತದ ವಿಲೀನದಲ್ಲಿ ಸಿಗುವ ತೆರಿಗೆ ವಿನಾಯಿತಿ ಇಲ್ಲಿ ಸಿಗುವುದಿಲ್ಲ, ಯಾಕೆಂದರೆ ಕೊಳ್ಳುವ ಕಂಪನಿ ಭಾರತದ್ದಾಗಿರಬೇಕು. ಅಂದರೆ ಕೈಗೆ ನಗದು ಬರದೇ ಇದ್ದರೂ, ಷೇರಿಗೆ ಷೇರು ಬಂದ ದಿನವೇ ಹಳೆಯದನ್ನು ಮಾರಿದಂತೆ ಲೆಕ್ಕ. 24 ತಿಂಗಳು ದಾಟಿದ್ದರೆ ಶೇಕಡ 12.5, ಇಲ್ಲದಿದ್ದರೆ ನಿಮ್ಮ ಸಂಬಳದ ಸ್ಲ್ಯಾಬ್. ಬಂದ ನಗದಿನಲ್ಲಿ ಆ ತೆರಿಗೆಯ ಭಾಗವನ್ನು ಮುಟ್ಟದೆ ಪಕ್ಕಕ್ಕಿಡಿ. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿರುತ್ತದೆ. ಆ ವರ್ಷ ಹೋದ ಹಳೆ ಷೇರನ್ನೂ ಬಂದ ಹೊಸ ಷೇರನ್ನೂ ಎರಡನ್ನೂ ಅದರಲ್ಲಿ ತೋರಿಸಬೇಕು. ತೋರಿಸದವರಿಗೆ, ಇಂಥ ಆಸ್ತಿ ಒಟ್ಟು 20 ಲಕ್ಷ ರೂಪಾಯಿ ಮೀರಿದ್ದರೆ, 10 ಲಕ್ಷ ರೂಪಾಯಿ ದಂಡದ ನಿಯಮವಿದೆ, ಆ ರಿಟರ್ನ್ ಮಾತ್ರ ವಿದೇಶಿ ಷೇರಿನ ಕೆಲಸ ಬಲ್ಲ ಲೆಕ್ಕಪರಿಶೋಧಕರ ಕೈಲೇ ಮಾಡಿಸಿ.